ಕಡವೆ, ಕಾಡುಕುರಿಗೆ ಅಂತ ಮೇವು ಬೆಳೆಸಬಹುದಾ? ಗದ್ದೆ ಖಾಲಿ ಬಿದ್ದಿದೆ

ಬೇಣದಾಚೆ (ಶಿರಸಿ):
ಎಲ್ಲರಿಗೂ ನಮಸ್ಕಾರ. ತೋಟವನ್ನೂ ಕಾಡನ್ನೂ ಬಲ್ಲವರು ಇಲ್ಲಿ ತುಂಬಾ ಜನ ಇದ್ದೀರಿ, ಹಾಗಾಗಿ ಕೇಳುತ್ತಿದ್ದೇನೆ.

ನಮ್ಮದು ಅಡಿಕೆ ತೋಟ. ತೋಟದ ತಲೆಗೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಅದರ ಪಕ್ಕ ನಮ್ಮದೇ ಮಾಲ್ಕಿ ಬೇಣ, ಅಂದರೆ ಸ್ವಂತ ಹುಲ್ಲಿನ ಜಾಗ. ಕೆಳಗೆ ಒಂದಿಷ್ಟು ಗದ್ದೆ. ಆಳು ಸಿಗದೆ ಗದ್ದೆ ನಾಟಿ ನಿಲ್ಲಿಸಿದ್ದೇವೆ. ಈಚೆಗೆ ಕಡವೆ, ಕಾಡುಕುರಿ (ಬೊಗಳುವ ಸಣ್ಣ ಜಿಂಕೆ), ಒಮ್ಮೊಮ್ಮೆ ಕಾಡುಕೋಣ ಸೀದಾ ತೋಟಕ್ಕೇ ಇಳಿಯುತ್ತವೆ. ಬಾಳೆ ಹಿಳ್ಳು ಉಳಿಯುತ್ತಿಲ್ಲ. ಹೊಸದಾಗಿ ನೆಟ್ಟ ಅಡಿಕೆ ಸಸಿಯ ಸುಳಿಯೂ ಹೋಗಿದೆ. ಆದರೆ ಅವುಗಳ ಮೇಲೆ ನನಗೆ ಸಿಟ್ಟಿಲ್ಲ. ಏಪ್ರಿಲ್‌ನಲ್ಲಿ ಬೆಟ್ಟ ಹತ್ತಿ ನೋಡಿದರೆ ಅವಕ್ಕೆ ತಿನ್ನಲು ಏನೂ ಇಲ್ಲ.

ಅಮೆರಿಕದಲ್ಲಿ ಜಿಂಕೆಗೆ ಅಂತಲೇ ಹೊಲ ಬಿತ್ತುತ್ತಾರೆ ಅಂತ ಓದಿದೆ. ಕ್ಲೋವರ್, ಓಟ್ಸ್, ಟರ್ನಿಪ್ ಹೀಗೆ. ನಾನೂ ಖಾಲಿ ಗದ್ದೆ ಉತ್ತು ಹುರುಳಿ, ಅಲಸಂದೆ, ಮೇವಿನ ಜೋಳ ಬಿತ್ತಿ ಬಿಟ್ಟರೆ ಪ್ರಾಣಿಗಳು ಅಲ್ಲೇ ಮೇಯ್ದುಕೊಂಡು ತೋಟ ಬಿಡಬಹುದು ಅಲ್ವಾ? ಯಾರಾದರೂ ಮಾಡಿ ನೋಡಿದ್ದೀರಾ? ಏನು ಬಿತ್ತಬೇಕು, ಯಾವಾಗ ಬಿತ್ತಬೇಕು?

ಹೊಳೆಸಾಲು (ಸಿದ್ದಾಪುರ):
ಬಿತ್ತಿದ ವಾರಕ್ಕೆ ಹಂದಿ ಬರುತ್ತದೆ ಮಾರಾಯ್ರೆ. ಕಡವೆಯ ಸರದಿ ಬರುವಷ್ಟರಲ್ಲಿ ಗದ್ದೆ ಟ್ರ್ಯಾಕ್ಟರ್ ಹೊಡೆದ ಹಾಗೆ ಆಗಿರುತ್ತದೆ.

ಮುಂಡಗೋಡಿನವ:
ನಮ್ಮ ಕಡೆ ಬಿತ್ತುವುದೇ ಬೇಡ, ಗೋವಿನಜೋಳ ಪೂರ್ತಿ ಅವಕ್ಕೇ ಹೋಗುತ್ತಿದೆ. ತಮಾಷೆಗೆ ಹೇಳುತ್ತಿಲ್ಲ. ರಾತ್ರಿ ಪೂರ್ತಿ ಹೊಲದಲ್ಲಿ ಅಟ್ಟಣೆ ಕಟ್ಟಿ ಕಾಯುವವರ ಮುಂದೆ "ಪ್ರಾಣಿಗೆ ಅಂತ ಬಿತ್ತುತ್ತೇನೆ" ಅಂದರೆ ಹೊಟ್ಟೆ ಉರಿಯುತ್ತದೆ.

ಕಾಳಿತೀರ (ಜೋಯಿಡಾ):
ಮುಂಡಗೋಡಿನವರ ಸಂಕಟ ನಿಜ. ಆದರೆ ಪ್ರಶ್ನೆ ಕೇಳಿದವರ ಜಾಗ ಬೇರೆ, ಪ್ರಾಣಿಯೂ ಬೇರೆ. ಮೊದಲು ಅದನ್ನು ನೋಡೋಣ.

ಚುಕ್ಕೆ ಜಿಂಕೆ ಜಾಸ್ತಿ ಇರುವುದು ನಮ್ಮ ಜಿಲ್ಲೆಯ ಒಣ ಭಾಗದಲ್ಲಿ. ಹಳಿಯಾಳ, ದಾಂಡೇಲಿ, ಮುಂಡಗೋಡು, ಯಲ್ಲಾಪುರದ ಮೂಡಣ ಮಗ್ಗುಲು. ಅದು ಹಿಂಡಿನಲ್ಲಿ ಬಯಲಿಗೆ ಬಂದು ಹುಲ್ಲು ಮೇಯುವ ಪ್ರಾಣಿ. ಶಿರಸಿಯ ಪಡುವಣದ ಒದ್ದೆ ಕಾಡಿನಲ್ಲಿ ಇರುವುದು ಕಡವೆ, ಕಾಡುಕುರಿ, ಬರ್ಕ (ಇಲಿಜಿಂಕೆ). ಕಾಡುಕುರಿ ಒಂಟಿಯಾಗಿ ಓಡಾಡುತ್ತದೆ. ಬಿದ್ದ ಹಣ್ಣು, ಎಳೆ ಚಿಗುರು, ಹೂವು ಅದರ ಊಟ. ಬರ್ಕ ಅಂತೂ ಮೊಲದಷ್ಟೇ ದೊಡ್ಡದು, ಮರದ ಬುಡದಲ್ಲಿ ಬಿದ್ದ ಹಣ್ಣನ್ನೇ ನಂಬಿಕೊಂಡಿರುತ್ತದೆ. ಇವೆರಡಕ್ಕೂ ಬಯಲು ಗದ್ದೆಯ ಮೇವು ಬೇಕಾಗಿಯೇ ಇಲ್ಲ. ನೀವು ಹುರುಳಿ ಬಿತ್ತಿದರೆ ಕಡವೆ ಬರಬಹುದು, ಕಾಡುಕೋಣ ಖಂಡಿತ ಬರುತ್ತದೆ. ದೊಡ್ಡ ಗಂಡು ಕೋಣ ಟನ್ ಹತ್ತಿರ ತೂಗುತ್ತದೆ. ಅದರ ಹಿಂಡಿಗೆ ನಿಮ್ಮ ಗದ್ದೆ ಎಷ್ಟು ದಿನಕ್ಕೆ ಸಾಕು ಅಂತ ಯೋಚಿಸಿ.

ಬೇಣದಾಚೆ (ಶಿರಸಿ):
ಒಳ್ಳೇ ಮಾಹಿತಿ. ಹಾಗಾದರೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಹುಲ್ಲುಗಾವಲು ಮಾಡುತ್ತಾರಲ್ಲ, ಅದು ಹೇಗೆ?

ಕಾಳಿತೀರ (ಜೋಯಿಡಾ):
ಅಲ್ಲಿ ಬಿತ್ತನೆ ಮುಖ್ಯ ಕೆಲಸ ಅಲ್ಲ. ಕಳೆ ತೆಗೆಯುವುದು ಮುಖ್ಯ. ದಾಂಡೇಲಿ ಅಭಯಾರಣ್ಯ, ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯಿತು, 2015ರಲ್ಲಿ ಕಾಳಿ ಅಂತ ಹೆಸರು ಬಂತು. ಇಂಥ ಕಾಡಿನೊಳಗೆ ಹಳೇ ಗದ್ದೆ, ಬಯಲು ಇರುತ್ತವೆ. ಹಾಗೇ ಬಿಟ್ಟರೆ ಅಲ್ಲಿ ಯುಪಟೋರಿಯಂ, ಲಂಟಾನ, ತಗಟೆ ನುಗ್ಗಿ ಹುಲ್ಲು ಸಾಯುತ್ತದೆ. ಅದನ್ನು ಕಿತ್ತು ಹಾಕಿದರೆ ಊರಿನ ಹುಲ್ಲೇ ವಾಪಸ್ ಬರುತ್ತದೆ. ಭದ್ರಾ ಕಾಡಿನಲ್ಲಿ 2001–02ರಲ್ಲಿ ಊರುಗಳು ಎದ್ದು ಹೋದ ಮೇಲೆ ಹಳೇ ಗದ್ದೆಗಳೇ ಹುಲ್ಲುಗಾವಲು ಆದವು. ಅಲ್ಲಿ ಕಾಡುಕೋಣ, ಜಿಂಕೆ ಬಂದು ಮೇಯುವುದನ್ನು ಈಗಲೂ ನೋಡಬಹುದು. ಒಂದು ವ್ಯತ್ಯಾಸ ಗಮನಿಸಿ. ಅಲ್ಲಿ ಪಕ್ಕದಲ್ಲಿ ಯಾರ ತೋಟವೂ ಇಲ್ಲ.

ಗಂಗಾವಳಿ (ಊರು ಅಂಕೋಲಾ, ಈಗ ವಿಸ್ಕಾನ್ಸಿನ್):
ಅಮೆರಿಕದ ಮಾತು ಬಂದಿದ್ದರಿಂದ ಹೇಳುತ್ತೇನೆ. ಇಲ್ಲಿ ಈ ಕೆಲಸವನ್ನು ಭಾರಿ ಶ್ರದ್ಧೆಯಿಂದ ಮಾಡುತ್ತಾರೆ. ನಮ್ಮ ಪಕ್ಕದ ಜಮೀನಿನವರು ಪ್ರತಿ ವರ್ಷ ಮಾಡುವುದನ್ನು ನೋಡಿದ್ದೇನೆ.

ಮೊದಲು ಮಣ್ಣು ಪರೀಕ್ಷೆ. ಹುಳಿ ಮಣ್ಣಾದರೆ ತಿಂಗಳುಗಳ ಮೊದಲೇ ಸುಣ್ಣ ಹಾಕುತ್ತಾರೆ, ರಸಸಾರ ಆರರಿಂದ ಏಳರ ಒಳಗೆ ಬರಬೇಕು. ಬೇಸಿಗೆಗೆ ಕ್ಲೋವರ್, ಚಿಕೋರಿ. ಚಳಿಗಾಲದ ಮುಂಚೆ ಓಟ್ಸ್, ರೈ, ಟರ್ನಿಪ್. ಟರ್ನಿಪ್ ಎಲೆ ಹಿಮ ಬಿದ್ದ ಮೇಲೆ ಸಿಹಿ ಆಗುತ್ತದೆ, ಆಗ ಜಿಂಕೆ ಮುಗಿಬೀಳುತ್ತವೆ. ಹೊಲದ ಮಧ್ಯ ಒಂದು ತಂತಿ ಬುಟ್ಟಿ ಕವಿಚಿ ಹಾಕುತ್ತಾರೆ. ಬುಟ್ಟಿಯೊಳಗಿನ ಗಿಡ ಮೊಣಕಾಲೆತ್ತರ, ಹೊರಗಿನದು ಬೆರಳೆತ್ತರ ಇದ್ದರೆ ಪ್ರಾಣಿ ಎಷ್ಟು ಮೇಯ್ದಿವೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಈ ಬುಟ್ಟಿ ಉಪಾಯವನ್ನು ಮಾತ್ರ ನೀವು ಊರಿನಲ್ಲೂ ಮಾಡಬಹುದು.

ಆದರೆ ಇಷ್ಟೆಲ್ಲ ಮಾಡುವುದು ಯಾಕೆ? ಬಹುತೇಕರು ಮಾಡುವುದು ಬೇಟೆಗೆ. ಇಲ್ಲಿ ಬಿಳಿಬಾಲದ ಜಿಂಕೆ ಬೇಟೆಗೆ ಪರವಾನಗಿ, ಋತು ಎಲ್ಲ ಇದೆ. ಮೇವು ತಿಂದು ಹೆಚ್ಚಾದ ಜಿಂಕೆಯನ್ನು ಶರತ್ಕಾಲದಲ್ಲಿ ಹೊಡೆಯುತ್ತಾರೆ. ನಮ್ಮಲ್ಲಿ ಆ ಕೊನೆಯ ಭಾಗ ಇಲ್ಲ, ಇರಬೇಕಾಗಿಯೂ ಇಲ್ಲ. ಅಂದಮೇಲೆ ಮೊದಲ ಭಾಗವನ್ನು ಮಾತ್ರ ತಂದರೆ ಲೆಕ್ಕ ಹೊಂದುವುದಿಲ್ಲ.

ಇನ್ನೊಂದು ವಿಷಯ. ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ಜಿಂಕೆಗಳಿಗೆ ಮಿದುಳು ಸವೆಯುವ ಒಂದು ಕಾಯಿಲೆ ಕಾಣಿಸಿತು. ಜೊಲ್ಲು, ಹಿಕ್ಕೆಯಿಂದ ಹರಡುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅಂದಿನಿಂದ ಕಾಯಿಲೆ ಇರುವ ಕೌಂಟಿಗಳಲ್ಲಿ ಜೋಳ ಸುರಿದು ಜಿಂಕೆ ಕರೆಯುವುದನ್ನು ನಿಷೇಧಿಸಿದ್ದಾರೆ. ಒಂದೇ ಜಾಗದಲ್ಲಿ ಮೂತಿಗೆ ಮೂತಿ ತಾಗುತ್ತದೆ ಅಂತ.

ಹೊಳೆಸಾಲು (ಸಿದ್ದಾಪುರ):
ನೋಡಿ, ಅಲ್ಲಿನವರೇ ನಿಲ್ಲಿಸುತ್ತಿದ್ದಾರೆ.

ಗಂಗಾವಳಿ (ಊರು ಅಂಕೋಲಾ, ಈಗ ವಿಸ್ಕಾನ್ಸಿನ್):
ಇಲ್ಲ, ಹಾಗಲ್ಲ. ಕಾಳು ಸುರಿಯುವುದಕ್ಕೆ ನಿಷೇಧ. ಹೊಲ ಬಿತ್ತುವುದಕ್ಕೆ ಅಲ್ಲ. ಎರಡೂ ಬೇರೆ.

ಅಡಿಕೆಸಿಂಗಾರ (ಶಿರಸಿ):
ಕಾನೂನು ಯಾರೂ ಹೇಳಲಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅಂದರೆ ಬರೀ ಗುಂಡು ಹೊಡೆಯುವುದಲ್ಲ. ಆಮಿಷ ಒಡ್ಡಿ ಪ್ರಾಣಿ ಕರೆಯುವುದೂ ಅದರೊಳಗೇ ಬರುತ್ತದೆ. ಮೇವಿಟ್ಟು ಕರೆದರೆ ಕೇಸು ಬೀಳಬಹುದು.

ಕಾನಿನಂಚು (ಯಲ್ಲಾಪುರ):
ಅಡಿಕೆಸಿಂಗಾರ ಭಾವ, ಸುಮ್ನೆ ಹೆದರಿಸಬೇಡಿ. ಸ್ವಂತ ಜಮೀನಿನಲ್ಲಿ ಹುರುಳಿ ಬೆಳೆದರೆ, ಹಲಸಿನ ಮರ ನೆಟ್ಟರೆ ಅದು ಆಮಿಷ ಆಗುವುದಿಲ್ಲ. ಉಪ್ಪು, ಕಾಳು, ಹಣ್ಣು ಇಟ್ಟು ಪ್ರಾಣಿ ಬರುವ ಹಾಗೆ ಮಾಡಿ ಕಾದು ಕೂತರೆ ಪ್ರಶ್ನೆ ಏಳುತ್ತದೆ.

ನಿಜವಾದ ಕಾನೂನು ಬೇರೆ ಕಡೆ ಇದೆ. ಸೊಪ್ಪಿನ ಬೆಟ್ಟ ನಮ್ಮ ಮಾಲ್ಕಿ ಅಲ್ಲ. ಅದು ಅರಣ್ಯ, ಸೊಪ್ಪು, ದರಕು (ಉದುರಿದ ಒಣ ಎಲೆ), ಒಣಕಟ್ಟಿಗೆ ತರುವ ಸವಲತ್ತು ಮಾತ್ರ ನಮ್ಮದು. ಅಲ್ಲಿ ನೆಲ ಉಳುವ ಹಾಗಿಲ್ಲ, ಜೆಸಿಬಿ ಇಳಿಸುವ ಹಾಗಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಗಿಡ ನೆಡುವುದಕ್ಕೆ, ಕಳೆ ಕೀಳುವುದಕ್ಕೆ ವಲಯ ಅರಣ್ಯಾಧಿಕಾರಿಗೆ ಒಂದು ಅರ್ಜಿ ಕೊಟ್ಟು, ಮಾತಾಡಿ ಮಾಡಿ. ಮಾಲ್ಕಿ ಬೇಣದಲ್ಲಿ ನಿಮ್ಮ ಇಷ್ಟ, ಆದರೂ ಮರ ಕಡಿಯುವುದಿದ್ದರೆ ಅನುಮತಿ ಬೇಕು.

ಗೋವೈದ್ಯೆ (ಕುಮಟಾ):
ಪಶುವೈದ್ಯೆಯಾಗಿ ಎರಡು ಮಾತು ಹೇಳಲೇಬೇಕು. ದಯವಿಟ್ಟು ಪೂರ್ತಿ ಓದಿ.

ಒಂದು, ಕಾಳು, ಅಕ್ಕಿ, ತೌಡು, ಅನ್ನ, ಹಳಸಿದ ಬಾಳೆಹಣ್ಣು, ಹಲಸಿನ ತ್ಯಾಜ್ಯ ರಾಶಿ ಹಾಕುವುದು ಬೇಡವೇ ಬೇಡ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಹುಲ್ಲು, ಸೊಪ್ಪು ಕರಗಿಸುವ ಸೂಕ್ಷ್ಮಜೀವಿಗಳಿರುತ್ತವೆ. ಒಮ್ಮೆಗೇ ಹಿಟ್ಟಿನ ಅಂಶ ಜಾಸ್ತಿ ಹೋದರೆ ಹೊಟ್ಟೆ ಹುಳಿಯಾಗಿ ಆ ಜೀವಿಗಳು ಸಾಯುತ್ತವೆ. ಹಸು ಅಕ್ಕಿ ಮೂಟೆಗೆ ಬಾಯಿ ಹಾಕಿ ಸತ್ತ ಸಂಗತಿ ನಿಮ್ಮ ಊರಿನಲ್ಲೂ ಕೇಳಿರುತ್ತೀರಿ. ಕಡವೆಗೂ ಅದೇ ಆಗುತ್ತದೆ. ಹಸುವಿಗಾದರೆ ನಾವು ಹೋಗಿ ಅಡುಗೆ ಸೋಡಾ ಕುಡಿಸುತ್ತೇವೆ, ಕಾಡಿನಲ್ಲಿ ಯಾರು ಹೋಗುತ್ತಾರೆ?

ಎರಡು, ಉಣುಗು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಈಗ ಸಿದ್ದಾಪುರ, ಹೊನ್ನಾವರ, ಶಿರಸಿ ಭಾಗಕ್ಕೆ ಹೊಸದಲ್ಲ. ಮಂಗ ಸತ್ತಾಗ ನಮಗೆ ಗೊತ್ತಾಗುತ್ತದೆ ಅಷ್ಟೇ. ದೊಡ್ಡ ಉಣುಗು ರಕ್ತ ಕುಡಿದು ಬೆಳೆಯುವುದು ದನ, ಕಡವೆಯಂಥ ದೊಡ್ಡ ಪ್ರಾಣಿಯ ಮೈಮೇಲೆ. ಅಲ್ಲಿಂದ ಉದುರಿ ದರಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮಳೆ ನಿಂತ ಮೇಲೆ ಮರಿ ಉಣುಗುಗಳು ನಮಗೆ ಹತ್ತುತ್ತವೆ. ನೀವು ಮನೆ ಹಿತ್ತಲ ಗದ್ದೆಯಲ್ಲಿ ಮೇವು ಬೆಳೆಸಿ ಹತ್ತಾರು ಪ್ರಾಣಿಗಳನ್ನು ದಿನಾ ಕರೆದರೆ ಉಣುಗನ್ನು ದರಕು ಗುಡಿಸುವ ಜಾಗಕ್ಕೇ ತಂದುಕೊಂಡ ಹಾಗೆ. ಮಕ್ಕಳು ಅದೇ ದಾರಿಯಲ್ಲಿ ಶಾಲೆಗೆ ಹೋಗುತ್ತಾರೆ. ದನಗಳೂ ಅಲ್ಲೇ ಮೇಯ್ದರೆ ಕಾಲುಬಾಯಿ ಜ್ವರ ದನದಿಂದ ಕಾಡುಕೋಣಕ್ಕೂ ದಾಟುತ್ತದೆ.

ಪ್ರಾಣಿಗೆ ಊಟ ಇರಲಿ. ಊರಿನಿಂದ ದೂರ ಇರಲಿ, ಚದುರಿ ಇರಲಿ.

ಮಲೆಮಗಳು (ಶಿರಸಿ):
ಡಾಕ್ಟ್ರಮ್ಮ, ಬೆಟ್ಟಕ್ಕೆ ದರಕು ತರಲು ಹೋಗುವವರು ಹೆಚ್ಚಾಗಿ ನಾವು ಹೆಂಗಸರೇ. ಕಾಲಿಗೆ ಹಚ್ಚುವ ಎಣ್ಣೆ ಆಶಾ ಕಾರ್ಯಕರ್ತೆಯರು ಕೊಡುತ್ತಾರಲ್ಲ, ಅದು ಸಾಕಾ?

ಗೋವೈದ್ಯೆ (ಕುಮಟಾ):
ಅಕ್ಕ, ಡೀಪಾ ಎಣ್ಣೆ ತಾನೇ? ಹಚ್ಚಿಕೊಂಡೇ ಹೋಗಿ, ಉದ್ದ ಪ್ಯಾಂಟು ಹಾಕಿ, ಬಂದ ತಕ್ಷಣ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಬಿಸಿನೀರಿಗೆ ಹಾಕಿ. ಮಂಗ ಸತ್ತ ಜಾಗಕ್ಕೆ ಹೋಗಲೇಬೇಡಿ, ಆರೋಗ್ಯ ಕೇಂದ್ರಕ್ಕೆ ಹೇಳಿ. ಜ್ವರ ಬಂದರೆ ಮಾತ್ರೆ ನುಂಗಿ ಮಲಗಬೇಡಿ, ಬೆಟ್ಟಕ್ಕೆ ಹೋಗಿದ್ದೆ ಅಂತ ವೈದ್ಯರಿಗೆ ಮೊದಲೇ ಹೇಳಿ.

ಮುಂಡಗೋಡಿನವ:
ಮಂಗನ ಮಾತು ಬಂತಲ್ಲ. ಕಡವೆಗಿಂತ ಮಂಗ ಮಾಡುವ ಹಾಳು ಜಾಸ್ತಿ. ಅದಕ್ಕೆ ಯಾರೂ ಏನೂ ಮಾಡುವುದಿಲ್ಲ.

ಅಡಿಕೆಸಿಂಗಾರ (ಶಿರಸಿ):
ಹೌದು. ಎಳೆ ಅಡಿಕೆ ಕಿತ್ತು ರಸ ಹೀರಿ ಎಸೆಯುತ್ತವೆ. ಶಿವಮೊಗ್ಗದ ಕಡೆ ಮಂಗಗಳಿಗೆ ಪಾರ್ಕ್ ಮಾಡುವ ಮಾತು ಬಂದಿತ್ತು. ನಮ್ಮ ಜಿಲ್ಲೆಯಲ್ಲೂ ಮಾಡಲಿ.

ಕಾಳಿತೀರ (ಜೋಯಿಡಾ):
ಪಾರ್ಕ್‌ಗೆ ಹಿಡಿದು ಬಿಟ್ಟ ಮಂಗ ಅಲ್ಲೇ ಕೂರುತ್ತದೆ ಅಂತ ಏನು ಗ್ಯಾರಂಟಿ? ಹಿಡಿದು ಇನ್ನೊಂದು ಊರಿಗೆ ಬಿಟ್ಟರೆ ಆ ಊರಿನವರ ಗೋಳು. ಖಾಲಿಯಾದ ಜಾಗಕ್ಕೆ ಪಕ್ಕದ ಗುಂಪು ಬರುತ್ತದೆ. ಮಂಗದ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬೇಡ.

ಕಾನಿನಂಚು (ಯಲ್ಲಾಪುರ):
ಕೆಲಸದಲ್ಲಿದ್ದೆ, ಈಗ ಉದ್ದ ಬರೆಯುತ್ತೇನೆ. ಪ್ರಾಣಿಗಳಿಗೆ ಮೇವು ಬೆಳೆಸಬೇಡಿ ಅನ್ನುವವರ ಪೈಕಿ ನಾನಲ್ಲ. ಆದರೆ ನಮ್ಮ ಸೀಮೆಯಲ್ಲಿ ಅದು ಗದ್ದೆಯಲ್ಲಿ ಬಿತ್ತುವ ಬೆಳೆ ಅಲ್ಲ. ಬೆಟ್ಟದಲ್ಲಿ ಮರದ ಮೇಲೆ ಉಳಿಸಬೇಕಾದ ಹಣ್ಣು.

ನಿಮ್ಮ ಬೆಟ್ಟ ಏಪ್ರಿಲ್‌ನಲ್ಲಿ ಯಾಕೆ ಖಾಲಿ? ಕಾರಣ ನಾವೇ. ವರ್ಷವೂ ಸೊಪ್ಪು ಕಡಿಯುವಾಗ ಮತ್ತಿ, ನೇರಳೆ, ಕೌಲು ಎಲ್ಲವನ್ನೂ ತುದಿಯವರೆಗೆ ಬೋಳಿಸುತ್ತೇವೆ. ಟೊಂಗೆಯೇ ಇಲ್ಲದ ಮರ ಹೂ ಬಿಡುವುದು ಎಲ್ಲಿಂದ? ಉಪ್ಪಾಗೆ, ಮುರುಗಲಿನ ಹುಳಿಹಣ್ಣಿಗೆ ರೇಟು ಬಂದ ವರ್ಷ ಹಣ್ಣು ಬೀಳುವವರೆಗೆ ಯಾರೂ ಕಾಯುವುದಿಲ್ಲ, ಕೊಂಬೆ ಸಮೇತ ಕಡಿದು ತರುತ್ತಾರೆ. ಅದೇ ಉಪ್ಪಾಗೆ ಶಿರಸಿ, ಸಿದ್ದಾಪುರ, ಹೊನ್ನಾವರ ಘಟ್ಟದ ಸಿಂಗಳೀಕಕ್ಕೆ ಮಳೆಗಾಲದ ಊಟ. ಸಿಂಗಳೀಕಕ್ಕೆ ಅಂತಲೇ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಗೆರೆ ಎಳೆದರೆ ಸಾಲದು, ಮರದಲ್ಲಿ ಹಣ್ಣೂ ಇರಬೇಕು.

ಹಾಗಾಗಿ ಮೊದಲ ಕೆಲಸಕ್ಕೆ ದುಡ್ಡೇ ಬೇಡ. ಬೆಟ್ಟವನ್ನು ಭಾಗ ಮಾಡಿ, ಒಂದು ವರ್ಷ ಒಂದೇ ಭಾಗದಲ್ಲಿ ಸೊಪ್ಪು ಕಡಿಯಿರಿ. ತೋಟದಿಂದ ದೂರ ಇರುವ ತುದಿಯ ಭಾಗವನ್ನು ಕಡಿಯುವುದೇ ಬೇಡ. ಹಣ್ಣಿನ ಮರಗಳಿಗೆ ಕತ್ತಿ ತಾಗಿಸಬೇಡಿ ಅಂತ ಆಳಿಗೆ ಮರ ತೋರಿಸಿ ಹೇಳಿ. ಉಪ್ಪಾಗೆಯಲ್ಲಿ ಬಿದ್ದದ್ದನ್ನು ಆರಿಸಿ, ತುದಿಯ ಹಣ್ಣು ಬಿಡಿ.

ಎರಡನೆಯದು, ಇಲ್ಲದ ಹಣ್ಣನ್ನು ನೆಡುವುದು. ಯಾವ ತಿಂಗಳು ಬೆಟ್ಟದಲ್ಲಿ ತಿನ್ನಲು ಏನಿಲ್ಲ ಅಂತ ನೋಡಿ ಆ ತಿಂಗಳಿಗೆ ಬೇಕಾದ ಮರ ನೆಡಿ. ನೆಲ್ಲಿ, ತಾರೆ ಚಳಿಗಾಲಕ್ಕೆ. ಬೂರುಗದ ಹೂವು ಜನವರಿಯಿಂದ ಉದುರುತ್ತದೆ, ಕಡವೆ ಅದನ್ನು ಹುಡುಕಿಕೊಂಡು ಬರುತ್ತದೆ. ಮಾರ್ಚ್‌ನಿಂದ ಮೇ ತಿಂಗಳೇ ಕಷ್ಟದ ಕಾಲ. ಆಗ ಅತ್ತಿ, ಗೋಳಿ, ಬಸರಿ ಕಾಪಾಡುತ್ತವೆ. ಈ ಜಾತಿಯಲ್ಲಿ ಒಂದು ಮರ ಮುಗಿಯುವಾಗ ಇನ್ನೊಂದು ಹಣ್ಣು ಬಿಡುತ್ತದೆ. ಹಲಸು, ಹೆಬ್ಬಲಸು, ಮುರುಗಲು, ಕಾಡುಮಾವು ಏಪ್ರಿಲ್‌ನಿಂದ. ನೇರಳೆ ಮಳೆ ಶುರುವಾಗುವಾಗ. ಉಪ್ಪಾಗೆ ಜೂನ್ ಮೇಲೆ.

ನಮ್ಮ ಬೇಣದ ಅಂಚಿನಲ್ಲಿ ಒಂದು ನೆಲ್ಲಿ ಮರ ಇದೆ. ಡಿಸೆಂಬರ್‌ನಲ್ಲಿ ಮುಸ್ಯ ಮೇಲೆ ಕೂತು ಅರ್ಧ ಕಚ್ಚಿ ಬೀಳಿಸುತ್ತದೆ. ಕೆಳಗೆ ಕಾಡುಕುರಿ ಬಂದು ಹೆಕ್ಕುತ್ತದೆ. ಸ್ವಲ್ಪ ದೂರದಲ್ಲಿ ಪೊದೆ ಮರೆಯಲ್ಲಿ ಅದು ಮಲಗುವ ಜಾಗ ಹುಡುಕಿದರೆ ನೆಲ್ಲಿ ಬೀಜ ಗುಂಪಾಗಿ ಬಿದ್ದಿರುತ್ತದೆ. ಹಿಕ್ಕೆಯ ಜೊತೆ ಬಂದದ್ದಲ್ಲ. ಮೆಲುಕು ಹಾಕುವಾಗ ಬಾಯಿಗೆ ಬಂದ ಗಟ್ಟಿ ಬೀಜವನ್ನು ಉಗುಳಿದ್ದು. ತಿರುಳಿನ ಚೂರೂ ಇರುವುದಿಲ್ಲ, ಆರು ಏಣು ಎಣಿಸಬಹುದು, ಅಷ್ಟು ಚೊಕ್ಕ. ಮಳೆ ಬಿದ್ದ ಮೇಲೆ ಅಲ್ಲೇ ಸಸಿ ಎದ್ದಿರುತ್ತವೆ. ಮೇವು ತಿಂದವರೇ ಮುಂದಿನ ಮೇವು ನೆಡುತ್ತಾರೆ. ಹುರುಳಿ ಗದ್ದೆಯಲ್ಲಿ ಇದು ಆಗುವುದಿಲ್ಲ.

ಕಡಲಂಚು (ಕಾರವಾರ):
ಇದು ಓದಿ ಖುಷಿ ಆಯಿತು. ನಮ್ಮ ಕಡೆ ಗುಡ್ಡದಲ್ಲಿ ಅಕೇಶಿಯಾ ಬಿಟ್ಟರೆ ಬೇರೆ ಇಲ್ಲ. ಹಸಿರು ಕಾಣುತ್ತದೆ, ಆದರೆ ಆ ಎಲೆಯನ್ನು ದನವೂ ಮೂಸುವುದಿಲ್ಲ, ಕಡವೆಯೂ ಮೂಸುವುದಿಲ್ಲ. ಹಣ್ಣಂತೂ ಇಲ್ಲ. ನವಿಲು, ಹಂದಿ ಎಲ್ಲ ಕೆಳಗೆ ಶೇಂಗಾ ಗದ್ದೆಗೆ ಬರುತ್ತವೆ.

ಹೊಳೆಸಾಲು (ಸಿದ್ದಾಪುರ):
ಅಕೇಶಿಯಾ ಹಾಕಿಸಿದ್ದು ಬೋಳು ಗುಡ್ಡಕ್ಕೆ. ಆಗ ಅದೂ ಇಲ್ಲದಿದ್ದರೆ ಕಟ್ಟಿಗೆಗೆ ಕಾನು ಕಡಿಯುತ್ತಿದ್ದರು. ಅದನ್ನೂ ಹೇಳಬೇಕು.

ಕಡಲಂಚು (ಕಾರವಾರ):
ಒಪ್ಪುತ್ತೇನೆ. ಆದರೆ ಕಟಾವು ಆದ ಮೇಲೆ ಮತ್ತೆ ಅದನ್ನೇ ಯಾಕೆ? ಆಗಲಾದರೂ ಗೇರು, ನೇರಳೆ, ಮುರುಗಲು ನೆಡಬಹುದಿತ್ತು.

ಸೊಪ್ಪಿನಬೆಟ್ಟ (ಶಿರಸಿ):
ಬಿದಿರನ್ನು ಎಲ್ಲರೂ ಮರೆತಿರಿ. ಕಾಡುಕೋಣ ತೋಟಕ್ಕೆ ಬರುವುದು ಜಾಸ್ತಿ ಆಗಿದ್ದು ಬಿದಿರು ಹೂ ಬಿಟ್ಟು ಸತ್ತ ಮೇಲೆ. ಹೆಬ್ಬಿದಿರು ನಲವತ್ತು ಐವತ್ತು ವರ್ಷಕ್ಕೊಮ್ಮೆ ಹೂ ಬಿಟ್ಟು ಹಿಂಡಲಿಗೆ ಹಿಂಡಲೇ ಒಣಗುತ್ತದೆ. ಹೊಸ ಮೊಳಕೆ ಏಳುವಾಗ ದನ ಮೇಯ್ದರೆ, ಬೆಂಕಿ ಬಿದ್ದರೆ ಮುಗಿಯಿತು. ಬೆಟ್ಟದಲ್ಲಿ ಬಿದಿರಿನ ಸಸಿ ಕಂಡರೆ ಅದರ ಸುತ್ತ ಮುಳ್ಳು ಒಟ್ಟಿ. ಕೋಣದ ಹೊಟ್ಟೆ ತುಂಬಿಸುವ ಶಕ್ತಿ ಅದಕ್ಕಿದೆ, ನೆಲ್ಲಿಕಾಯಿಗೆ ಇಲ್ಲ.

ಕಾನಿನಂಚು (ಯಲ್ಲಾಪುರ):
ಸರಿಯಾದ ಮಾತು. ಕೋಣಕ್ಕೆ ಬಿದಿರು ಮತ್ತು ಹುಲ್ಲು, ಕಾಡುಕುರಿಗೆ ಹಣ್ಣು, ಕಡವೆಗೆ ಎರಡೂ.

ಬೇಣದಾಚೆ (ಶಿರಸಿ):
ಹಾಗಾದರೆ ಬೇಣದಲ್ಲಿ ಹುಲ್ಲು ಬೆಳೆಸುವುದು ಹೇಗೆ? ಮೊದಲು ಒಳ್ಳೇ ಕರಡ ಬರುತ್ತಿತ್ತು, ನವೆಂಬರ್‌ನಲ್ಲಿ ಕೊಯ್ದು ಕೊಟ್ಟಿಗೆಗೆ ತರುತ್ತಿದ್ದೆವು. ದನ ಕಡಿಮೆ ಆದ ಮೇಲೆ ಕೊಯ್ಯುವುದು ಬಿಟ್ಟೆವು. ಈಗ ಪೂರ್ತಿ ಯುಪಟೋರಿಯಂ. ಹೈಬ್ರಿಡ್ ನೇಪಿಯರ್ ಕಡ್ಡಿ ಚುಚ್ಚಿದರೆ ಬೇಗ ಬರುತ್ತದಾ?

ಸೊಪ್ಪಿನಬೆಟ್ಟ (ಶಿರಸಿ):
ನೇಪಿಯರ್ ಬೇಡ. ಅದಕ್ಕೆ ಗೊಬ್ಬರ, ನೀರು ಬೇಕು, ಬೇಸಿಗೆಯಲ್ಲಿ ಸಾಯುತ್ತದೆ. ಕಳೆ ತೆಗೆದರೆ ಕರಡದ ಬೇರು ಇನ್ನೂ ಅಲ್ಲೇ ಇರಬಹುದು.

ಯುಪಟೋರಿಯಂ ತೆಗೆಯುವುದಕ್ಕೆ ಒಂದು ಕ್ರಮ ಇದೆ. ಕತ್ತಿಯಲ್ಲಿ ಸವರಿದರೆ ಬುಡದಿಂದ ನಾಲ್ಕು ಚಿಗುರು ಬರುತ್ತವೆ. ಬೆಂಕಿ ಹಾಕಿದರೆ ಹುಲ್ಲು ಸುಟ್ಟು ಅದಕ್ಕೆ ಇನ್ನಷ್ಟು ಜಾಗ ಆಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ನೆಲ ನೆನೆದು ಮೆತ್ತಗಿರುವಾಗ ಬುಡ ಹಿಡಿದು ಎಳೆಯಿರಿ, ಬೇರು ಸಮೇತ ಬರುತ್ತದೆ. ದೊಡ್ಡ ಬುಡಕ್ಕೆ ಗುದ್ದಲಿ. ಕಿತ್ತದ್ದನ್ನು ಬೇರು ಮೇಲೆ ಮಾಡಿ ಕಲ್ಲಿನ ಮೇಲೋ ಪೊದೆಯ ಮೇಲೋ ಒಟ್ಟಿ, ನೆಲಕ್ಕೆ ತಾಗಿದರೆ ಮತ್ತೆ ಬೇರು ಬಿಡುತ್ತದೆ. ಡಿಸೆಂಬರ್ ಹೊತ್ತಿಗೆ ಬಿಳಿ ಹೂ ಬರುತ್ತದೆ, ಅದರ ಮೊದಲೇ ಮುಗಿಸಬೇಕು. ಫೆಬ್ರವರಿಯಲ್ಲಿ ಬೀಜ ಗಾಳಿಗೆ ಹಾರಲು ಶುರುವಾದರೆ ಆ ವರ್ಷದ ಕೆಲಸ ವ್ಯರ್ಥ. ಮರು ವರ್ಷ, ಅದರ ಮರು ವರ್ಷವೂ ಕೀಳಬೇಕು, ನೆಲದಲ್ಲಿ ಬೀಜ ಇರುತ್ತದೆ.

ತಗಟೆಯೂ ಹಾಗೇ, ಕಾಯಿ ಕಟ್ಟುವ ಮೊದಲು. ಎಳೆಯದನ್ನು ನಾವು ತಂಬುಳಿಗೆ ತರುತ್ತೇವೆ, ಪ್ರಾಣಿ ಮುಟ್ಟುವುದಿಲ್ಲ.

ಮಲೆಮಗಳು (ಶಿರಸಿ):
ಪೂರ್ತಿ ಬೇಣ ಒಮ್ಮೆಗೇ ಕಿತ್ತು ಬೋಳು ಮಾಡಬೇಡಿ. ಅಷ್ಟು ಮಳೆಗೆ ಮಣ್ಣು ಗದ್ದೆಗೆ ಇಳಿಯುತ್ತದೆ. ಇಳಿಜಾರಿಗೆ ಅಡ್ಡ ಪಟ್ಟಿ ಪಟ್ಟಿಯಾಗಿ ಮಾಡಿ, ಮಧ್ಯ ಬಿಡಿ. ಪಟ್ಟಿಯ ಕೆಳಗೆ ಇಂಗುಗುಂಡಿ ತೆಗೆದರೆ ಬೇಸಿಗೆಯಲ್ಲಿ ತೋಟದ ಬಾವಿಗೂ ಆಯಿತು.

ಕಾಡುಕೋಳಿ, ಕಾಡುಕುರಿಗೆ ಅಡಗಲು ಪೊದೆಯೂ ಬೇಕು. ಪಾರ್ಕಿನ ಹಾಗೆ ಚೊಕ್ಕ ಮಾಡಿದರೆ ಯಾವ ಪ್ರಾಣಿಯೂ ಹಗಲು ಅಲ್ಲಿ ನಿಲ್ಲುವುದಿಲ್ಲ. ಕೌಳಿ ಮಟ್ಟಿ, ಪರಿಗೆ ಮಟ್ಟಿ ಇದ್ದರೆ ಹಾಗೇ ಬಿಡಿ. ಹಣ್ಣೂ ಆಯಿತು, ಮರೆಯೂ ಆಯಿತು.

ಹೊಳೆಸಾಲು (ಸಿದ್ದಾಪುರ):
ನಾನು ಇನ್ನೂ ಒಪ್ಪುವುದಿಲ್ಲ. ಬೆಟ್ಟದಲ್ಲಿ ಎಷ್ಟೇ ಹಣ್ಣು ಇದ್ದರೂ ಬಾಳೆ ರುಚಿ ಕಂಡ ಕಡವೆ ಬಾಳೆಗೇ ಬರುತ್ತದೆ. ನೀರು ಗೊಬ್ಬರ ಉಂಡು ಬೆಳೆದ ಗಿಡ ಕಾಡಿನ ಸೊಪ್ಪಿಗಿಂತ ಮೆತ್ತಗೆ ಇರುತ್ತದೆ. ಹೊಟ್ಟೆ ತುಂಬಿದ ಮೇಲೂ ಬರುತ್ತವೆ. ಮೇವು ಜಾಸ್ತಿ ಆದರೆ ಮರಿ ಜಾಸ್ತಿ, ಆಮೇಲೆ ತೋಟಕ್ಕೆ ಬರುವುದೂ ಜಾಸ್ತಿ. ಹಿಂದೆಯೇ ಚಿರತೆ. ಮನೆ ನಾಯಿ ಹೋದ ಮೇಲೆ ಯಾರನ್ನು ಕೇಳುವುದು?

ಕಾನಿನಂಚು (ಯಲ್ಲಾಪುರ):
ಹೊಳೆಸಾಲು ಅವರೆ, ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. ಬೆಟ್ಟ ಸುಧಾರಿಸಿದ ಮಾತ್ರಕ್ಕೆ ತೋಟ ಉಳಿಯುತ್ತದೆ ಅಂತ ನಾನು ಹೇಳುವುದಿಲ್ಲ. ತೋಟಕ್ಕೆ ಬೇಲಿ ಬೇಕೇ ಬೇಕು. ಆದರೆ ಬೇಲಿ ಹಾಕಿ ಬೆಟ್ಟವನ್ನು ಬೋಳಾಗಿಯೇ ಬಿಟ್ಟರೆ ಹಸಿದ ಪ್ರಾಣಿ ಬೇಲಿ ಮುರಿಯುತ್ತದೆ, ಇಲ್ಲವೇ ಬೇಲಿ ಇಲ್ಲದ ಪಕ್ಕದ ಬಡವರ ತೋಟಕ್ಕೆ ಹೋಗುತ್ತದೆ. ಎರಡೂ ಒಟ್ಟಿಗೆ ಆಗಬೇಕು. ಚಿರತೆ ವಿಷಯ ಹೇಳುವುದಾದರೆ, ಕಾಡಿನಲ್ಲಿ ಕಾಡುಕುರಿ ಇದ್ದರೆ ಅದು ನಾಯಿಗೆ ಅಂತ ಅಂಗಳಕ್ಕೆ ಬರುವ ಅವಸರ ಕಡಿಮೆ. ನಾಯಿಯನ್ನು ರಾತ್ರಿ ಒಳಗೆ ಕಟ್ಟಿ. ಹಗಲು ಬೆಟ್ಟಕ್ಕೆ ಬಿಡಬೇಡಿ, ಕಾಡುಕುರಿ ಮರಿಯನ್ನು ಚಿರತೆಯ ಹಾಗೇ ನಾಯಿಗಳೂ ಹಿಡಿಯುತ್ತವೆ.

ಅಡಿಕೆಸಿಂಗಾರ (ಶಿರಸಿ):
ಬೇಲಿ ಯಾವುದು ಹಾಕಿಸಿದ್ದೀರಿ? ಕರೆಂಟಿನ ತಂತಿಬೇಲಿ, ಐಬೆಕ್ಸ್?

ಕಾನಿನಂಚು (ಯಲ್ಲಾಪುರ):
ಹೌದು, ಸೋಲಾರ್ ಐಬೆಕ್ಸ್. ಬುಡಕ್ಕೆ ಹಳೇ ಅಗಳವನ್ನೇ (ಕಂದಕ) ಹೂಳು ತೆಗೆಸಿದ್ದೇನೆ. ಮಳೆಗಾಲದಲ್ಲಿ ತಂತಿಗೆ ಸೊಪ್ಪು, ಬಳ್ಳಿ ತಾಗಿದರೆ ಕರೆಂಟು ಇಳಿದು ಹೋಗುತ್ತದೆ, ಅಡಿಯನ್ನು ಸವರುತ್ತಲೇ ಇರಬೇಕು. ಮನೆಯ ಲೈನಿನಿಂದ ನೇರ ಕರೆಂಟು ಕೊಡುವ ಕೆಲಸ ಮಾತ್ರ ಯಾರೂ ಮಾಡಬೇಡಿ. ಅದರಿಂದ ಪ್ರಾಣಿಯೂ ಸಾಯುತ್ತದೆ, ಮನುಷ್ಯರೂ ಸಾಯುತ್ತಾರೆ.

ಮಲೆಮಗಳು (ಶಿರ‌ಸಿ):
ಇನ್ನೊಂದು ಯಾರೂ ಹೇಳಲಿಲ್ಲ. ಉರುಳು. ಪ್ರಾಣಿ ದಿನಾ ಒಂದೇ ದಾರಿಯಲ್ಲಿ ಬರುತ್ತದೆ ಅಂತ ಗೊತ್ತಾದರೆ ಈಡಿನವರಿಗೆ (ಕೋವಿ ಬೇಟೆಯವರಿಗೆ), ಉರುಳು ಹಾಕುವವರಿಗೆ ಅದಕ್ಕಿಂತ ಅನುಕೂಲ ಇಲ್ಲ. ಬೈಕಿನ ಕ್ಲಚ್ ತಂತಿ ಸಾಕು ಅವರಿಗೆ. ನಮ್ಮ ಬೆಟ್ಟದಲ್ಲಿ ನಾನೇ ಕಿತ್ತು ತಂದಿದ್ದೇನೆ. ಗಿಡದ ಬುಡಕ್ಕೆ ಬಿಗಿದು, ನೆಲದಿಂದ ಗೇಣೆತ್ತರದಲ್ಲಿ ಕುಣಿಕೆ ಬಿಟ್ಟು, ಎರಡೂ ಪಕ್ಕ ಕಡ್ಡಿ ಚುಚ್ಚಿ ಪ್ರಾಣಿ ಅದರ ಮಧ್ಯವೇ ನುಗ್ಗುವ ಹಾಗೆ ಮಾಡಿರುತ್ತಾರೆ. ತಂತಿಗೆ ಮಣ್ಣು ಬಳಿದಿರುವುದರಿಂದ ಬಗ್ಗಿ ನೋಡದೆ ಕಾಣುವುದೇ ಇಲ್ಲ. ಪ್ರಾಣಿ ಕರೆಯುವ ಮೊದಲು ಅವುಗಳನ್ನು ಕಾಯುವ ಮನಸ್ಸು ಇರಬೇಕು. ವಾರಕ್ಕೊಮ್ಮೆಯಾದರೂ ಕಾಲುದಾರಿ ಸುತ್ತಿ. ರಸ್ತೆ ಪಕ್ಕದ ಗದ್ದೆಯಲ್ಲಿ ಮೇವು ಬೆಳೆಸುವುದಂತೂ ಅವುಗಳನ್ನು ಹಿಡಿದುಕೊಟ್ಟ ಹಾಗೆ.

ಮುಂಡಗೋಡಿನವ:
ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ.

ಬೇಣದಾಚೆ (ಶಿರಸಿ):
ಎಲ್ಲರಿಗೂ ಧನ್ಯವಾದ. ನಮ್ಮ ಗದ್ದೆ ರಸ್ತೆಗೆ ಅಂಟಿಕೊಂಡೇ ಇದೆ, ಹಾಗಾಗಿ ಅಲ್ಲಿ ಬಿತ್ತುವುದಿಲ್ಲ. ಬೇಣದ ಮೇಲಿನ ತುದಿಯಿಂದ ಯುಪಟೋರಿಯಂ ಪಟ್ಟಿ ಪಟ್ಟಿಯಾಗಿ ಕೀಳಿಸುತ್ತೇನೆ. ಬೆಟ್ಟದ ತಲೆಯ ಭಾಗದಲ್ಲಿ ಸೊಪ್ಪು ಕಡಿಯುವುದು ನಿಲ್ಲಿಸಲು ಮನೆಯಲ್ಲಿ ಮಾತಾಡಿದೆ, ಅಪ್ಪಯ್ಯ ಅಡ್ಡಿಲ್ಲ ಅಂದರು. ಗದ್ದೆಯನ್ನು ಏನು ಮಾಡಲಿ?

ಕಡಲಂಚು (ಕಾರವಾರ):
ಉಳುಮೆ ಬಿಟ್ಟರೂ ಹಾಳಿ (ಗದ್ದೆಯ ಬದು) ಒಡೆಯಬೇಡಿ. ಮಳೆ ನೀರು ನಿಲ್ಲಲಿ. ಕಪ್ಪೆ, ಏಡಿ, ಕೊಕ್ಕರೆಗೆ ಅದೇ ಊಟದ ಗದ್ದೆ. ಮೇವು ಅಂದರೆ ಬರೀ ನಾಲ್ಕು ಕಾಲಿನದಕ್ಕೇ ಅಲ್ಲವಲ್ಲ.

ಬೇಣದಾಚೆ (ಶಿರಸಿ):
ಒಳ್ಳೇ ವಿಚಾರ. ಜೂನ್‌ಗೆ ಮುರುಗಲು, ಉಪ್ಪಾಗೆ, ನೆಲ್ಲಿ, ಹೆಬ್ಬಲಸು ಸಸಿ ಬೇಕು. ಬೀಜದಿಂದ ಮಾಡಲೇ, ನರ್ಸರಿಯಿಂದ ತರಲೇ?

ಕಾನಿನಂಚು (ಯಲ್ಲಾಪುರ):
ಈ ವರ್ಷಕ್ಕೆ ಇಲಾಖೆಯ ನರ್ಸರಿ, ಶಿರಸಿಯ ಅರಣ್ಯ ಕಾಲೇಜಿನಲ್ಲಿ ವಿಚಾರಿಸಿ. ಜೊತೆಗೆ ಬೀಜವನ್ನೂ ಮಾಡಿ. ಹಲಸು, ಹೆಬ್ಬಲಸಿನ ಬೀಜ ಒಣಗಿದರೆ ಸತ್ತೇ ಹೋಗುತ್ತದೆ, ತೊಳೆದು ಅದೇ ವಾರ ಹಾಕಿ. ನೆಲ್ಲಿಯ ಗಟ್ಟಿ ಓಟೆಯನ್ನು ಬಿಸಿಲಿಗೆ ಇಟ್ಟರೆ ಸಿಡಿದು ಒಳಗಿನ ಸಣ್ಣ ಬೀಜ ಹೊರಗೆ ಬರುತ್ತದೆ, ಅದನ್ನು ಮಡಿಗೆ ಹಾಕಬೇಕು. ಉಪ್ಪಾಗೆ ಬೀಜ ಮೊಳೆಯಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ, ಸಿಪ್ಪೆ ಬಿಡಿಸಿ ಹಾಕಿದರೆ ಬೇಗ. ಗೋಳಿ, ಬಸರಿಗೆ ಸಸಿಯೇ ಬೇಡ, ತೋಳು ದಪ್ಪದ ಗೂಟ ಕಡಿದು ಮಳೆ ಹಿಡಿಯುವ ಮೊದಲು ಹೂಳಿ.

ಮುರುಗಲಿನಲ್ಲಿ ಗಂಡು ಹೆಣ್ಣು ಮರ ಬೇರೆ ಬೇರೆ. ಒಂದೊಂದೇ ದೂರ ದೂರ ನೆಡಬೇಡಿ, ನಾಲ್ಕೈದು ಒಟ್ಟಿಗೆ ನೆಡಿ. ಪ್ರತಿ ಸಸಿಗೂ ಮುಳ್ಳು ಕಟ್ಟಿ, ಇಲ್ಲದಿದ್ದರೆ ಕಡವೆ ಸುಳಿ ತಿನ್ನುತ್ತದೆ, ಬೆಳೆದ ಮೇಲೆ ಕೋಡು ಉಜ್ಜಿ ತೊಗಟೆ ತೆಗೆಯುತ್ತದೆ.

ಸೊಪ್ಪಿನಬೆಟ್ಟ (ಶಿರಸಿ):
ಬೆಂಕಿಗೆರೆ ಮರೆಯಬೇಡಿ. ಜನವರಿಯೊಳಗೆ ಬೇಣದ ಸುತ್ತ ದರಕು ಗುಡಿಸಿ ಗೆರೆ ಮಾಡಿ. ರಸ್ತೆ ಪಕ್ಕ ಅಂದರೆ ಬೀಡಿ ಎಸೆಯುವವರು ಇದ್ದೇ ಇರುತ್ತಾರೆ.

ಗಂಗಾವಳಿ (ಊರು ಅಂಕೋಲಾ, ಈಗ ವಿಸ್ಕಾನ್ಸಿನ್):
ತಂತಿ ಬುಟ್ಟಿಯನ್ನೂ ಇಡಿ. ಕರಡ ವಾಪಸ್ ಬಂದರೆ ಫೋಟೋ ಹಾಕಿ.

ಹೊಳೆಸಾಲು (ಸಿದ್ದಾಪುರ):
ನನಗೂ ಒಂದಿಷ್ಟು ಉಪ್ಪಾಗೆ ಬೀಜ ಬೇಕು. ಕಡವೆಗೆ ಅಂತ ಅಲ್ಲ, ಹಿತ್ತಲಿಗೆ. ಯಾರ ಹತ್ತಿರ ಇದೆ?

ಕಾನಿನಂಚು (ಯಲ್ಲಾಪುರ):
ಜುಲೈಯಲ್ಲಿ ನೆನಪಿಸಿ, ಬಿದ್ದದ್ದನ್ನು ಆರಿಸಿ ಕಳಿಸುತ್ತೇನೆ.